ಕೊಂಡು ತಂದ ಪ್ರಾಜೆಕ್ಟಿಗೆ ಮೆಚ್ಚುಗೆ, ದುಡಿದು ಮಾಡಿದ್ದಕ್ಕೆ ಆಕ್ಷೇಪ: ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಗೆ,
ಪ್ರಾಂಶುಪಾಲರು ಮತ್ತು ಕಂಪ್ಯೂಟರ್ ವಿಜ್ಞಾನ ವಿಭಾಗಗಳ ಮುಖ್ಯಸ್ಥರು,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳು

ವಿಷಯ: ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಸಿಮ್ಯುಲೇಶನ್ (ನಿಜದ ವ್ಯವಸ್ಥೆಯೊಂದರ ನಡೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು) ಕುರಿತ ವಿದ್ಯಾರ್ಥಿ ಸಂಶೋಧನೆಗೆ ಆಗುತ್ತಿರುವ ಅನ್ಯಾಯ

ಮಾನ್ಯರೇ,

ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ಅಧ್ಯಾಪಕಿ. ಪ್ರಾಜೆಕ್ಟ್ ಮಾರ್ಗದರ್ಶಕಿಯಾಗಿ, ಬೇರೆ ಕಾಲೇಜುಗಳಿಗೆ ಬಾಹ್ಯ ಪರೀಕ್ಷಕಿಯಾಗಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಓಡಾಡಿದ್ದೇನೆ. ಕಂಡದ್ದನ್ನು ಸಭೆಗಳಲ್ಲಿ ಹೇಳಿದೆ, ಬರೆದೂ ಕೊಟ್ಟೆ. "ಮುಂದಿನ ವರ್ಷ ನೋಡೋಣ" ಎಂಬ ಉತ್ತರದ ಹೊರತು ಏನೂ ಸಿಗಲಿಲ್ಲ. ಈಗ ಹೊಸ ತಂಡಗಳು ವಿಷಯ ಆರಿಸಿಕೊಳ್ಳುವ ಹೊತ್ತು ಮತ್ತೆ ಬಂದಿದೆ. ಅದಕ್ಕಾಗಿ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಯಾವ ಕಾಲೇಜಿನ, ಯಾವ ವ್ಯಕ್ತಿಯ ಹೆಸರನ್ನೂ ಎತ್ತುವುದಿಲ್ಲ. ನನ್ನ ದೂರು ಇರುವುದು ಒಂದು ಪದ್ಧತಿಯ ಮೇಲೆ, ಮತ್ತು ಆ ಪದ್ಧತಿಯನ್ನು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಕಳೆದ ವರ್ಷದ ಮೌಖಿಕ ಪರೀಕ್ಷೆಯ ದಿನ ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಬೆಳಿಗ್ಗೆ ಬಂದ ತಂಡ ವೈರ್‌ಲೆಸ್ ಸೆನ್ಸರ್ ಜಾಲದ ಸಿಮ್ಯುಲೇಶನ್ ತೋರಿಸಿತು. ಪರದೆಯ ಮೇಲೆ ಬಣ್ಣದ ವೃತ್ತಗಳು, ಅವುಗಳ ನಡುವೆ ಹಾರುವ ಸಣ್ಣ ಚುಕ್ಕೆಗಳು, ಕೆಳಗೊಂದು ಗ್ರಾಫ್. ಎನ್‌ಎಸ್-2 ಎಂಬ ಜಾಲ ಸಿಮ್ಯುಲೇಟರ್‌ನಲ್ಲಿ ಮಾಡಿದ್ದು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2011ರಲ್ಲಿ. ಅದರ ಜಾಗಕ್ಕೆ ಎನ್‌ಎಸ್-3 ಬಂದು ವರ್ಷಗಳೇ ಕಳೆದಿವೆ. ತಂಡ ತೋರಿಸಿದ ವಿಧಾನವಾದರೂ ಯಾವುದು? ಸೆನ್ಸರ್‌ಗಳ ಬ್ಯಾಟರಿ ಉಳಿಸಲು ಅವನ್ನು ಗುಂಪುಗಳಾಗಿ ಮಾಡುವ, 2000ದಲ್ಲಿ ಪ್ರಕಟವಾದ ಲೀಚ್. ವರ್ಷ ವರ್ಷವೂ ಅದೇ ನೂರು ನೋಡ್‌ಗಳು (ಜಾಲದ ಸೆನ್ಸರ್‌ಗಳು), ಅದೇ ಗ್ರಾಫ್. ಕೋಡ್ ತೆರೆಯಲು ಹೇಳಿದಾಗ ಫೈಲ್‌ನ ವಿಳಾಸದಲ್ಲಿ ತಂಡದಲ್ಲಿಲ್ಲದ ಯಾರದೋ ಹೆಸರು ಹಾಗೆಯೇ ಉಳಿದಿತ್ತು. "ಇದು ಯಾರು?" ಎಂದು ಕೇಳಿದೆ. ನಾಲ್ವರೂ ನೆಲ ನೋಡಿದರು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುವ ಪ್ರಾಜೆಕ್ಟ್ ಸೆಂಟರ್‌ನಿಂದ ಹಣ ಕೊಟ್ಟು ತಂದದ್ದು ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ "ಡೆಮೊ ಚೆನ್ನಾಗಿದೆ" ಎಂಬ ಮಾತಿನೊಂದಿಗೆ ಒಳ್ಳೆಯ ಅಂಕ ಬಿತ್ತು.

ಮಧ್ಯಾಹ್ನ ಬಂದದ್ದು ನಾನು ಮಾರ್ಗದರ್ಶನ ಮಾಡಿದ ತಂಡ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಒಬ್ಬಳ ತಂದೆ ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರ. ಸುಗ್ಗಿ ಮುಗಿಯುವ ಹೊತ್ತಿನಲ್ಲಿ ಬೇಳೆ ಮಿಲ್ಲುಗಳ ಕಡೆಗೆ ಹೊರಡುವ ಗಾಡಿಗಳು ವೇಬ್ರಿಡ್ಜ್ (ಗಾಡಿ ಸಮೇತ ತೂಕ ಮಾಡುವ ಕಾಟಾ) ಮುಂದೆ ಗಂಟೆಗಟ್ಟಲೆ ನಿಲ್ಲುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಇನ್ನೊಂದು ವೇಬ್ರಿಡ್ಜ್ ಹಾಕಿದರೆ ಕಾಯುವ ಸಮಯ ಎಷ್ಟು ತಗ್ಗುತ್ತದೆ? ಹಾಕದೆಯೇ, ಗಾಡಿಗಳಿಗೆ ಹೊತ್ತು ಗೊತ್ತುಮಾಡಿ ಬರಹೇಳಿದರೆ ಎಷ್ಟು ತಗ್ಗುತ್ತದೆ? ಇದು ಅವಳ ಪ್ರಶ್ನೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು, ನಾವೆಲ್ಲ ಹೆಮ್ಮೆಪಟ್ಟೆವು. ಆ ಬೆಳೆಯನ್ನು ಹೇರಿಕೊಂಡ ಟ್ರ್ಯಾಕ್ಟರ್ ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಲೆಕ್ಕ ಹಾಕಲು ಹೊರಟವಳು ಒಬ್ಬ ವಿದ್ಯಾರ್ಥಿನಿ.

ತಂಡದವರು ಪುಸ್ತಕ, ಮೊಬೈಲ್ ಹಿಡಿದು ವೇಬ್ರಿಡ್ಜ್ ಪಕ್ಕದ ಚಹಾ ಅಂಗಡಿಯ ನೆರಳಲ್ಲಿ ಕೂತರು. ಗಾಡಿ ಬಂದ ಹೊತ್ತು, ಮೇಲೆ ಹತ್ತಿದ ಹೊತ್ತು, ಚೀಟಿ ಪಡೆದು ಇಳಿದ ಹೊತ್ತು, ಹೀಗೆ ಒಂದೊಂದನ್ನೂ ಬರೆದುಕೊಂಡರು. ಕೆಲವು ದಿನಗಳಾದ ಮೇಲೆ ತೂಕ ಮಾಡುವ ಹಿರಿಯರು ಪುಸ್ತಕ ಇಸಿದುಕೊಂಡು ನೋಡಿ, "ಅಲ್ಲ ತಮ್ಮಾ, ಒಂದು ಗಾಡಿ ಎರಡು ಸಲ ಹತ್ತುತ್ತದೆ. ತುಂಬಿದ್ದು ಒಮ್ಮೆ, ಮಾಲು ಇಳಿಸಿ ಖಾಲಿಯಾದ ಮೇಲೆ ಒಮ್ಮೆ. ಖಾಲಿ ಗಾಡಿಗಳನ್ನು ನೀವು ಬರೆದೇ ಇಲ್ಲ" ಎಂದರು.

ಈ ಒಂದು ಮಾತಿನಿಂದ ಏನಾಯಿತು ಎಂಬುದನ್ನು ವಿವರಿಸಲೇಬೇಕು. ಸರತಿಯ ಗಣಿತ ಇಂದಿನದಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿಯೇ ಕರೆಗಳ ದಟ್ಟಣೆಯ ಬಗ್ಗೆ ಬರೆದ. ಗಾಡಿಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ತೂಕಕ್ಕೆ ಹಿಡಿಯುವ ಸಮಯವೂ ಹಾಗೆಯೇ ಏರಿಳಿಯುತ್ತದೆ ಎಂದುಕೊಳ್ಳುವ ತೀರಾ ಸರಳ ಮಾದರಿಯಲ್ಲಿ, ವೇಬ್ರಿಡ್ಜ್ ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ತೂಕದಲ್ಲಿರುವುದೂ ಸೇರಿ ಸರಾಸರಿ 4 ಗಾಡಿಗಳು ಅಲ್ಲಿರುತ್ತವೆ. ಹೊರೆ ಶೇ. 90 ಆದರೆ 9. ಶೇ. 95 ಆದರೆ 19. ಹೊರೆ ಸ್ವಲ್ಪವೇ ಏರಿದರೂ ಸಾಲು ದುಪ್ಪಟ್ಟಾಗುತ್ತದೆ. ಈಗ ಖಾಲಿ ಗಾಡಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ನಿಜದ ಶೇ. 90 ಹೊರೆ ಕಾಗದದ ಮೇಲೆ ಶೇ. 45 ಆಗಿ ಕಾಣುತ್ತದೆ. ಶೇ. 45ಕ್ಕೆ ಸೂತ್ರ ಕೊಡುವ ಉತ್ತರ ಸರಾಸರಿ ಒಂದು ಗಾಡಿಗಿಂತ ಕಡಿಮೆ. ಕಂಪ್ಯೂಟರ್ ಮುಂದೆ ಕೂತವರಿಗೆ "ಇಲ್ಲಿ ಸಾಲೇ ಇಲ್ಲ" ಎನಿಸುತ್ತದೆ, ಹೊರಗೆ ಸಾಲು ರಸ್ತೆಗೆ ಬಂದಿರುತ್ತದೆ. ತೂಕದವರ ಮಾತನ್ನು ಕಿವಿಗೆ ಹಾಕಿಕೊಂಡು ಮಾದರಿಯನ್ನು ಬುಡದಿಂದ ತಿದ್ದಿದ ಆ ನಾಲ್ವರು ಮಾಡಿದ್ದೇ ಸಂಶೋಧನೆ. ಇದಕ್ಕಿಂತ ಬೇರೆ ಹೆಸರು ಅದಕ್ಕೆ ನನಗೆ ತೋಚುವುದಿಲ್ಲ.

ತಂತ್ರಾಂಶವನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಕಟ್ಟಿದರು. ಪೈಥಾನ್‌ನಲ್ಲಿ ಸಿಮ್‌ಪೈ ಎಂಬ ಉಚಿತ ಲೈಬ್ರರಿ ಬಳಸಿದರು. ಮೊದಲು ತಮ್ಮ ಪ್ರೋಗ್ರಾಂ ಅನ್ನು ಆ ಸರಳ ಮಾದರಿಗೆ ಇಳಿಸಿ, ಶೇ. 80 ಹೊರೆಗೆ 4ರ ಆಸುಪಾಸಿನ ಉತ್ತರ ಬರುತ್ತದೆಯೇ ಎಂದು ನೋಡಿದರು. ಬಂದ ಮೇಲಷ್ಟೇ ಮುಂದಕ್ಕೆ ಹೋದರು. ಒಳಗೆ ಬಂದ ಗಾಡಿಗಳ ಲೆಕ್ಕಕ್ಕೂ ಹೊರಗೆ ಹೋದ ಗಾಡಿಗಳ ಲೆಕ್ಕಕ್ಕೂ ತಾಳೆಯಾಗದಿದ್ದರೆ ಪ್ರೋಗ್ರಾಂ ತಾನೇ ನಿಲ್ಲುವಂತೆ ಪರೀಕ್ಷೆ ಬರೆದರು. ಮಾದರಿ ಕಟ್ಟಲು ಬಳಸದ ದಿನಗಳ ತೂಕದ ಚೀಟಿಗಳನ್ನು ಬೇರೆ ಎತ್ತಿಟ್ಟು, ಕೊನೆಗೆ ಅವುಗಳೊಂದಿಗೆ ಹೋಲಿಸಿದರು. ಪ್ರತಿ ಬದಲಾವಣೆಯೂ, ಕೋಡಿನ ಇತಿಹಾಸವನ್ನು ಕಾಯ್ದಿಡುವ ಗಿಟ್ ಎಂಬ ತಂತ್ರಾಂಶದಲ್ಲಿ ದಾಖಲಾಗಿತ್ತು. ಯಾರು ಯಾವ ಸಾಲು ಬರೆದರು, ಯಾಕೆ ಬದಲಿಸಿದರು ಎಂಬುದೆಲ್ಲ ಅಲ್ಲಿತ್ತು.

ಮೌಖಿಕ ಪರೀಕ್ಷೆಯಲ್ಲಿ ಆದದ್ದೇನು? ಪ್ರೋಗ್ರಾಂ ಎರಡು ಸಲ ಓಡಿಸಿದಾಗ ಎರಡು ಉತ್ತರ ಬಂದವು. ಪರೀಕ್ಷಕರಲ್ಲಿ ಒಬ್ಬರು, "ಒಂದೇ ಪ್ರೋಗ್ರಾಂ, ಬೇರೆ ಬೇರೆ ಔಟ್‌ಪುಟ್. ಇದು ತಪ್ಪಲ್ಲವೇ?" ಎಂದರು. ಹುಡುಗಿ ಹೆದರಲಿಲ್ಲ. "ಇಲ್ಲ ಸರ್, ಗಾಡಿಗಳು ದಿನವೂ ಒಂದೇ ಹೊತ್ತಿಗೆ ಬರುವುದಿಲ್ಲ. ಪ್ರತಿ ಓಟವೂ ಒಂದು ದಿನವಿದ್ದಂತೆ. ಅದಕ್ಕೇ ಹಲವು ಸಲ ಓಡಿಸಿ ಸರಾಸರಿಯನ್ನೂ ಏರಿಳಿತವನ್ನೂ ಕೊಟ್ಟಿದ್ದೇವೆ. ಈ ಏರಿಳಿತ ಯಾವುದರಿಂದ ಶುರುವಾಗುತ್ತದೋ ಆ ಸೀಡ್ ಸಂಖ್ಯೆಯನ್ನು ಒಂದೇ ಕೊಟ್ಟರೆ ಅದೇ ಉತ್ತರ ಬರುತ್ತದೆ, ತೋರಿಸಲೇ?" ಎಂದಳು. ಅವಳು ಕನ್ನಡದಲ್ಲಿ ಹೇಳಿದ್ದಕ್ಕೆ "ಇಂಗ್ಲಿಷಿನಲ್ಲಿ ಹೇಳಿ" ಎಂದು ತಡೆದರು. ಇಂಗ್ಲಿಷಿನಲ್ಲಿ ಮಾತು ತಡವರಿಸಿತು. ಆಮೇಲೆ "ಬೇಸ್ ಪೇಪರ್ ಯಾವುದು?" ಎಂಬ ಪ್ರಶ್ನೆ, ಅಂದರೆ ಪ್ರಕಟವಾದ ಯಾವ ಸಂಶೋಧನಾ ಲೇಖನವನ್ನು ಆಧರಿಸಿದ್ದೀರಿ ಎಂದು. ವೇಬ್ರಿಡ್ಜ್ ಪಕ್ಕ ಕೂತು ಬರೆದ ಪುಸ್ತಕವನ್ನು ಮುಂದಿಟ್ಟರು. ಅದನ್ನು ಯಾರೂ ತೆರೆಯಲಿಲ್ಲ. "ಇದರಲ್ಲಿ ಡೆಮೊ ಏನಿದೆ, ಬರೀ ಅಂಕಿಗಳು" ಎಂಬ ಷರಾದೊಂದಿಗೆ ಬೆಳಗಿನ ತಂಡಕ್ಕಿಂತ ಕಡಿಮೆ ಅಂಕ ಕೊಟ್ಟು ಕಳಿಸಲಾಯಿತು. ನಾನು ಆಕ್ಷೇಪಿಸಿದೆ. ಮಾರ್ಗದರ್ಶಕರ ಮಾತು ಪಕ್ಷಪಾತ ಎನಿಸಿಕೊಂಡಿತು.

ಹೀಗಾದದ್ದು ಇದೊಂದೇ ತಂಡಕ್ಕಲ್ಲ. ನೋಡಲು ಚಂದವಿರುವ ಪರದೆಗೆ ಅಂಕ, ಯೋಚಿಸಿ ಕಟ್ಟಿದ ಮಾದರಿಗೆ ಅನುಮಾನ ಎಂಬ ನಮ್ಮ ಪದ್ಧತಿಯನ್ನು ವಿದ್ಯಾರ್ಥಿಗಳು ಬಹಳ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಹಿರಿಯ ತಂಡದವರಿಗೆ ಏನಾಯಿತು ಎಂದು ನೋಡಿದ ಕಿರಿಯರು ಪ್ರಾಜೆಕ್ಟ್ ಸೆಂಟರ್‌ನ ವಿಳಾಸ ಕೇಳುತ್ತಾರೆ. ಕೂಲಿ ಮಾಡಿ ಓದಿಸುವ ತಂದೆತಾಯಿ ಆ ಹಣವನ್ನು ಸಾಲ ಮಾಡಿ ಹೊಂದಿಸಿದ್ದನ್ನೂ ನಾನು ಬಲ್ಲೆ. ವಿಷಯ ಅಂತಿಮಗೊಳಿಸಲು ಕೊಡುವುದು ಕೆಲವೇ ದಿನ, ಶೀರ್ಷಿಕೆಯಲ್ಲಿ ಬ್ಲಾಕ್‌ಚೈನ್ ಅಥವಾ ಕೃತಕ ಬುದ್ಧಿಮತ್ತೆ ಇರಲೇಬೇಕೆಂಬ ಒತ್ತಾಯ ಬೇರೆ. ಇಷ್ಟಾದ ಮೇಲೆ ಮಕ್ಕಳನ್ನು ಕಳ್ಳರೆನ್ನುವುದು ನ್ಯಾಯವಲ್ಲ.

ಸಿಮ್ಯುಲೇಶನ್ ಕಂಪ್ಯೂಟರ್ ವಿಜ್ಞಾನದ ಮುಖ್ಯ ವಿಷಯವೇ ಅಲ್ಲ, ಅದು ಮೆಕ್ಯಾನಿಕಲ್‌ನವರಿಗೋ ಸಿವಿಲ್‌ನವರಿಗೋ ಸೇರಿದ್ದು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದುಂಟು. ಗೌರವದಿಂದಲೇ ಒಪ್ಪದಿರುತ್ತೇನೆ. ನಾವು ಎರಡನೇ ವರ್ಷದಲ್ಲಿ ಕಲಿಸುವ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಂಬ ಪ್ರೋಗ್ರಾಮಿಂಗ್ ಪರಿಕಲ್ಪನೆಗಳು ಎಲ್ಲಿಂದ ಬಂದವು? ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್ 1960ರ ದಶಕದಲ್ಲಿ ರೂಪಿಸಿದ ಸಿಮ್ಯುಲಾ ಭಾಷೆಯಿಂದ. ಹೆಸರೇ ಹೇಳುವಂತೆ ಅದು ಹುಟ್ಟಿದ್ದು ಸಿಮ್ಯುಲೇಶನ್‌ಗಾಗಿ. ಅವರಿಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ 2001ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಇದಕ್ಕಿಂತ ನಮ್ಮ ಮಾತಿಗೆ ಹತ್ತಿರವಾದ ಇನ್ನೊಂದು ಸಂಗತಿಯಿದೆ. ಬ್ಯಾರ್ನೆ ಸ್ಟ್ರೌಸ್ಟ್ರಪ್ ಕೇಂಬ್ರಿಡ್ಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಹಲವು ಕಂಪ್ಯೂಟರುಗಳಲ್ಲಿ ಹಂಚಿಹೋದ ವ್ಯವಸ್ಥೆಯೊಂದರಲ್ಲಿ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಸಿಮ್ಯುಲಾದಲ್ಲಿ ಒಂದು ಸಿಮ್ಯುಲೇಟರ್ ಬರೆದರು. ಬರೆಯಲು ಭಾಷೆ ಸೊಗಸಾಗಿತ್ತು, ಓಡಿಸಲು ಹೋದರೆ ವಿಪರೀತ ನಿಧಾನ. ಕೊನೆಗೆ ಅದನ್ನೆಲ್ಲ ಬಿಸಿಪಿಎಲ್ ಎಂಬ ಬೇರೆ ಭಾಷೆಯಲ್ಲಿ ಮತ್ತೆ ಬರೆದರು. ಇಂತಹ ಕಷ್ಟ ಮತ್ತೆ ಬರಬಾರದೆಂಬ ಹಟ ಅವರೊಳಗೆ ಉಳಿಯಿತು. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸುವ ಕೆಲಸ ಆರಂಭಿಸಿದರು. 1983ರ ಹೊತ್ತಿಗೆ ಅದಕ್ಕೆ ಸಿ++ ಎಂಬ ಹೆಸರು ಬಂತು. ಒಬ್ಬ ವಿದ್ಯಾರ್ಥಿ ತನ್ನ ಸಿಮ್ಯುಲೇಟರ್ ಜೊತೆ ಪಟ್ಟ ಪಾಡಿನ ಫಲವನ್ನು ನಾವು ಇಂದಿಗೂ ಪಠ್ಯವಾಗಿ ಕಲಿಸುತ್ತಿದ್ದೇವೆ. ಆ ಪಾಡು ಪಡುವ ಅವಕಾಶವನ್ನು ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಕೊಡುತ್ತಿಲ್ಲ.

ಇನ್ನು ಮಾಹಿತಿಯ ಮಾತು. ಇದು ಕಾಲೇಜಿನ ಹೊರಗಿನದಾದರೂ ನಿಮ್ಮ ಸಹಿಯಿಲ್ಲದೆ ಬಗೆಹರಿಯದು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಯಿಂದ ಯಾದಗಿರಿಯವರೆಗೆ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನಿಮಗೆಲ್ಲ ನೆನಪಿದೆ. ಆ ದಂಡೆಯ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು, ಮೇಲಿನಿಂದ ಇಷ್ಟು ನೀರು ಬಿಟ್ಟರೆ ತಮ್ಮೂರಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ, ಯಾವ ಓಣಿ ಮೊದಲು ಮುಳುಗುತ್ತದೆ ಎಂದು ಸಿಮ್ಯುಲೇಶನ್ ಮಾಡಲು ಹೊರಟಳು. ನೆಲದ ಏರುತಗ್ಗಿನ ಮಾಹಿತಿ ಸುಲಭವಾಗಿ ಸಿಕ್ಕಿತು. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ನಕ್ಷೆ ಉಚಿತವಾಗಿ ಇಳಿಸಿಕೊಳ್ಳಲು ಸಿಗುತ್ತದೆ. ನದಿಯ ಹರಿವು ಲೆಕ್ಕಿಸುವ ಹೆಕ್-ರಾಸ್ ತಂತ್ರಾಂಶವನ್ನು ಅಮೆರಿಕದ ಸೇನೆಯ ಎಂಜಿನಿಯರಿಂಗ್ ವಿಭಾಗ ಉಚಿತವಾಗಿ ಕೊಟ್ಟಿದೆ. ಸಿಗದೆ ಹೋದದ್ದು ನಮ್ಮದೇ ಜಿಲ್ಲೆಯ ಕಚೇರಿಯೊಂದರ ಕಡತದಲ್ಲಿರುವ, ಗೇಟಿನಿಂದ ಗಂಟೆಗಂಟೆಗೆ ಬಿಟ್ಟ ನೀರಿನ ಲೆಕ್ಕ. ಮೊದಲು "ವಿದ್ಯಾರ್ಥಿಗಳಿಗೆ ಕೊಡಲು ಬರುವುದಿಲ್ಲ" ಎಂದರು. ಕಾಲೇಜಿನ ಪತ್ರ ತಂದ ಮೇಲೆ "ಮೇಲಿನವರ ಅನುಮತಿ ಬೇಕು" ಎಂದರು. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು ನಿಜ. ಆದರೆ ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಮತ್ತಷ್ಟು ದಿನ, ಅಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ. ಸರ್ಕಾರದ ಹಣದಲ್ಲಿ ಸಂಗ್ರಹಿಸಿದ ಮಾಹಿತಿ ಸಾರ್ವಜನಿಕರಿಗೆ ಸಿಗಬೇಕೆಂದು ಕೇಂದ್ರ ಸರ್ಕಾರ 2012ರಲ್ಲಿಯೇ ದತ್ತಾಂಶ ಹಂಚಿಕೆಯ ನೀತಿ ತಂದಿದೆ. ಅದರ ಗಾಳಿ ನಮ್ಮ ಕಡೆಗೆ ಇನ್ನೂ ಬೀಸಿಲ್ಲ. ಆ ವಿದ್ಯಾರ್ಥಿನಿ ಕೊನೆಗೆ ಮುಖ ಗುರುತಿಸಿ ಹಾಜರಿ ಹಾಕುವ ಆ್ಯಪ್ ಮಾಡಿ ಪಾಸಾದಳು. ಅವಳ ಊರು ಅಲ್ಲಿಯೇ ಇದೆ, ನದಿಯೂ ಅಲ್ಲಿಯೇ ಇದೆ.

ಬೀದರಿನ ನೌಬಾದ್ ಕರೇಜ್ (ನೆಲದಡಿಯ ಪುರಾತನ ನೀರಿನ ಸುರಂಗ) ಸುತ್ತ ಅಂತರ್ಜಲ ಹೇಗೆ ಚಲಿಸುತ್ತದೆ, ಕಲಬುರಗಿಯ ಜಗತ್ ವೃತ್ತದಲ್ಲಿ ಸಿಗ್ನಲ್‌ನ ಅವಧಿ ಬದಲಿಸಿದರೆ ವಾಹನಗಳ ಸಾಲು ಏನಾಗುತ್ತದೆ ಎಂಬಂತಹ ಪ್ರಶ್ನೆಗಳನ್ನು ಹೊತ್ತು ಬಂದವರೂ ಇದ್ದಾರೆ. ಸಂಚಾರದ ಸಿಮ್ಯುಲೇಶನ್‌ಗೆ ಜರ್ಮನಿಯ ಸುಮೋ, ಅಂತರ್ಜಲಕ್ಕೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಮಾಡ್‌ಫ್ಲೋ, ಎರಡೂ ಬಿಡಿಗಾಸಿಲ್ಲದೆ ಸಿಗುತ್ತವೆ. ಉಪಕರಣಕ್ಕೆ ಕೊರತೆಯಿಲ್ಲ, ಪ್ರಶ್ನೆಗೂ ಕೊರತೆಯಿಲ್ಲ.

ಪ್ರಯೋಗಾಲಯದ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ಸಿಮ್ಯುಲೇಶನ್ ನೂರಾರು ಸಲ ಓಡಬೇಕು, ಕೆಲವೊಮ್ಮೆ ಇಡೀ ರಾತ್ರಿ ಹಿಡಿಯುತ್ತದೆ. ಸಂಜೆ ಐದಾಯಿತೆಂದರೆ ಲ್ಯಾಬಿನ ಮೇನ್ ಸ್ವಿಚ್ ಆರಿಸಲಾಗುತ್ತದೆ. "ಪ್ರೋಗ್ರಾಂ ಓಡುತ್ತಿದೆ, ದಯವಿಟ್ಟು ಆರಿಸಬೇಡಿ" ಎಂದು ಚೀಟಿ ಅಂಟಿಸಿ ಹೋದ ವಿದ್ಯಾರ್ಥಿಗಳು ಬೆಳಿಗ್ಗೆ ಬಂದು ಕಪ್ಪು ಪರದೆ ನೋಡಿದ್ದಾರೆ. ಸೇಡಂ, ಚಿಂಚೋಳಿ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಯರಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಅವರಿಗಿರುವುದು ಈ ಲ್ಯಾಬ್ ಒಂದೇ.

ಇಷ್ಟೆಲ್ಲ ದಾಟಿ ಮುಗಿಸಿದ ಕೆಲಸ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರ, ಒಳಗಿನ ಕೊನೆಯ ಪುಟಕ್ಕೆ ಅಂಟಿಸಿದ ಸಿ.ಡಿ., ಅದು ಬೀರುವಿನೊಳಗೆ. ಆ ಸಿ.ಡಿ. ಹಾಕಲು ಇಂದು ನಮ್ಮ ಲ್ಯಾಬಿನ ಒಂದು ಕಂಪ್ಯೂಟರಿನಲ್ಲೂ ಡ್ರೈವ್ ಇಲ್ಲ. ವೇಬ್ರಿಡ್ಜ್ ತಂಡ ಮುಗಿಸಿದ ಕಡೆಯಿಂದ ಮುಂದಿನ ತಂಡ ಹೊರಡಬೇಕಿತ್ತು. ಎರಡನೇ ವೇಬ್ರಿಡ್ಜ್, ಹಮಾಲರ ಪಾಳಿ, ಮಿಲ್ಲಿನ ಒಳಗಿನ ಜಾಗ, ಹೀಗೆ ಒಂದೊಂದನ್ನೇ ಸೇರಿಸುತ್ತಾ ಹೋಗಿದ್ದರೆ ಕೆಲವೇ ವರ್ಷಗಳಲ್ಲಿ ಮಿಲ್ಲಿನ ಮಾಲೀಕರೇ ಬಂದು ಕೇಳುವಂತಹ ತಂತ್ರಾಂಶ ಆಗುತ್ತಿತ್ತು. ಪ್ರತಿ ವರ್ಷ ಮೊದಲಿನಿಂದ ಶುರು ಮಾಡಿಸುವುದರಿಂದ ಯಾವುದೂ ಬೆಳೆಯುವುದಿಲ್ಲ. ಬೇರೆಯವರು ಬರೆದ ಕೋಡನ್ನು ಓದಿ, ಕೆಡಿಸದೆ ಮುಂದುವರಿಸುವುದು ಕಂಪನಿಗಳಲ್ಲಿ ಮೊದಲ ದಿನದಿಂದಲೇ ಮಾಡಬೇಕಾದ ಕೆಲಸ. ಅದನ್ನು ಕಲಿಸದೆ ನಾವು ಪದವಿ ಕೊಡುತ್ತಿದ್ದೇವೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬೇಸ್ ಪೇಪರ್ ಇಲ್ಲವೆಂಬ ಒಂದೇ ಕಾರಣಕ್ಕೆ ಯಾವ ವಿಷಯವನ್ನೂ ತಳ್ಳಿಹಾಕಬೇಡಿ. ತಾವೇ ಸಂಗ್ರಹಿಸಿದ ಮಾಹಿತಿಯೂ ಆಧಾರವೆಂದು ವಿಭಾಗದ ನಿಯಮದಲ್ಲಿ ಬರೆಯಿರಿ. ಮೌಖಿಕ ಪರೀಕ್ಷೆಗೆ ಮುನ್ನ ಪರೀಕ್ಷಕರು ಗಿಟ್ ದಾಖಲೆ ನೋಡುವುದನ್ನು ಕಡ್ಡಾಯ ಮಾಡಿ. ಕೊಂಡು ತಂದ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಿಕ್ಕಿಬೀಳುತ್ತವೆ, ಏಕೆಂದರೆ ತಿಂಗಳುಗಳ ಕೆಲಸದ ಜಾಡು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ. ಹುಟ್ಟಿಸಿದರೂ, ಕೋಡಿನ ಒಂದು ಸಾಲು ಬದಲಿಸಿ "ಈಗ ಏನಾಗುತ್ತದೆ ಹೇಳಿ" ಎಂದು ಕೇಳಿದರೆ ಸಾಕು. ಆ ಉತ್ತರವನ್ನು ವಿದ್ಯಾರ್ಥಿ ಕನ್ನಡದಲ್ಲಿ ಕೊಟ್ಟರೂ ಕೇಳಿಸಿಕೊಳ್ಳಿ. ವಿಭಾಗಕ್ಕೊಂದು ಕಂಪ್ಯೂಟರ್ ಯುಪಿಎಸ್ ಮೇಲೆ ರಾತ್ರಿಯಿಡೀ ಓಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಒಂದು ಸುತ್ತೋಲೆ ಸಾಕು. ಮುಗಿದ ಪ್ರಾಜೆಕ್ಟ್‌ಗಳ ಕೋಡ್ ಮತ್ತು ಮಾಹಿತಿ, ಓಡಿಸುವ ಕ್ರಮವನ್ನು ತಿಳಿಸುವ ಟಿಪ್ಪಣಿ ಸಮೇತ, ಮೂರೂ ಜಿಲ್ಲೆಗಳ ಕಾಲೇಜುಗಳಿಗೆ ಸಾಮಾನ್ಯವಾದ ಒಂದು ಭಂಡಾರದಲ್ಲಿರಲಿ. ಪ್ರತಿ ವರ್ಷ ಕನಿಷ್ಠ ಒಂದು ತಂಡವಾದರೂ ಹಿಂದಿನವರ ಕೆಲಸವನ್ನು ಮುಂದುವರಿಸಲಿ, ಅದನ್ನು ಹಳೆಯ ವಿಷಯವೆಂದು ಹೀಗಳೆಯಬೇಡಿ.

ಜಿಲ್ಲಾಧಿಕಾರಿಗಳಿಗೆ ಪ್ರಾಂಶುಪಾಲರೆಲ್ಲ ಸೇರಿ ಒಂದೇ ಪತ್ರ ಬರೆಯಿರಿ. ನೀರು, ಸಂಚಾರ, ಮಾರುಕಟ್ಟೆ, ಆಸ್ಪತ್ರೆಯ ಹೊರರೋಗಿಗಳ ಸಂಖ್ಯೆ, ಇವುಗಳಲ್ಲಿ ಖಾಸಗಿ ವಿವರಗಳನ್ನು ತೆಗೆದು ವಿದ್ಯಾರ್ಥಿಗಳಿಗೆ ಕೊಡಬಹುದಾದ ಮಾಹಿತಿಯ ಪಟ್ಟಿಯೊಂದನ್ನು ಪ್ರಕಟಿಸಲು ಕೇಳಿ. ಒಬ್ಬ ವಿದ್ಯಾರ್ಥಿಯ ಅರ್ಜಿ ಮೇಜಿನ ಮೇಲೆ ಉಳಿಯಬಹುದು, ಮೂರು ಜಿಲ್ಲೆಗಳ ಪ್ರಾಂಶುಪಾಲರ ಪತ್ರ ಉಳಿಯುವುದು ಕಷ್ಟ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯೂ ಇದೆ. ಆ ಅನುದಾನದಲ್ಲಿ ರಸ್ತೆ, ಕಟ್ಟಡಗಳ ಜೊತೆಗೆ, ಈ ಭಾಗದ ಸಮಸ್ಯೆಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿ ತಂಡಗಳಿಗೆ ಓಡಾಟದ ಖರ್ಚು ಮತ್ತು ಒಂದು ಸರ್ವರ್‌ಗೆ ಬೇಕಾಗುವಷ್ಟು ಮೊತ್ತವನ್ನು ಕೇಳುವ ಪ್ರಸ್ತಾವವನ್ನು ನೀವೇ ಕಳಿಸಬೇಕು. ಕರಡು ನಾನು ಸಿದ್ಧಪಡಿಸಿಟ್ಟಿದ್ದೇನೆ.

ಮುಂದಿನ ಸೆಮಿಸ್ಟರ್‌ನ ಪ್ರಾಜೆಕ್ಟ್ ವಿಷಯಗಳ ಪಟ್ಟಿಗೆ ಸಹಿ ಹಾಕುವ ಮೊದಲು ಮೂರೂ ಜಿಲ್ಲೆಗಳ ವಿಭಾಗ ಮುಖ್ಯಸ್ಥರ ಒಂದು ಸಭೆ ಕರೆಯಿರಿ. ವೇಬ್ರಿಡ್ಜ್ ತಂಡದ ನಾಲ್ವರೂ ಬಂದು ತಮ್ಮ ಪ್ರೋಗ್ರಾಂ ಅನ್ನು ನಿಮ್ಮೆದುರು ಓಡಿಸಲು ಒಪ್ಪಿದ್ದಾರೆ. ಬರೆದುಕೊಂಡ ಪುಸ್ತಕವನ್ನೂ ತರುತ್ತಾರೆ. ದಿನ ಮತ್ತು ಸ್ಥಳ ತಿಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕಿ
ಕಲಬುರಗಿ